ನಾಲ್ಕು ಕೋಟಿ ಅಂಕಿಯ ಸಂಖ್ಯೆ ಅವಿಭಾಜ್ಯ ಅಂತ ಗೊತ್ತಾಗೋದು ಹೇಗೆ?

ಈ ಸಂಖ್ಯೆ 88169432 ಅಂತ ಶುರುವಾಗುತ್ತದೆ, 871551 ಅಂತ ಮುಗಿಯುತ್ತದೆ. ನಡುವೆ ನಾಲ್ಕು ಕೋಟಿಗೂ ಜಾಸ್ತಿ ಅಂಕಿಗಳಿವೆ. ಸರಿಯಾಗಿ ಹೇಳಬೇಕೆಂದರೆ ಒಟ್ಟು 4,10,24,320. ಸೆಕೆಂಡಿಗೆ ಎರಡು ಅಂಕಿಯಂತೆ, ಊಟ ನಿದ್ದೆ ಬಿಟ್ಟು ಓದುತ್ತಾ ಕೂತರೂ ಮುಗಿಸಲು 237 ದಿನ ಬೇಕು. ಪುಟಕ್ಕೆ 3,000 ಅಂಕಿಯಂತೆ ಅಚ್ಚು ಹಾಕಿಸಿದರೆ 500 ಪುಟದ 27 ಸಂಪುಟ ತುಂಬಿ, 28ನೆಯದಕ್ಕೂ ಚಾಚಿಕೊಳ್ಳುತ್ತದೆ. ಇಷ್ಟೆಲ್ಲ ಇದ್ದರೂ ಇದನ್ನು ಒಂದು ಬಸ್ ಟಿಕೆಟ್ಟಿನ ಹಿಂದೆ ಬರೆದು ಜೇಬಿಗೆ ಹಾಕಿಕೊಳ್ಳಬಹುದು. 2ರ 13,62,79,841ನೇ ಘಾತ, ಅದರಲ್ಲಿ ಒಂದು ಕಳೆಯಿರಿ. ಅಷ್ಟೇ.

2024ರ ಅಕ್ಟೋಬರ್ 12ರಂದು ಇದು ಅವಿಭಾಜ್ಯ ಅಂತ ಖಚಿತವಾಯಿತು. 21ನೇ ತಾರೀಕು ಸುದ್ದಿ ಹೊರಬಿತ್ತು. ಹುಡುಕಿದವರು ಅಮೆರಿಕದ ಸ್ಯಾನ್ ಹೋಸೆಯ ಲ್ಯೂಕ್ ಡ್ಯುರಾಂಟ್. ಆಗ ಅವರಿಗೆ 36 ವರ್ಷ, ಮೊದಲು ಎನ್‌ವಿಡಿಯಾದಲ್ಲಿ ಕೆಲಸ ಮಾಡಿದ್ದವರು. ಅದಕ್ಕೆ ಹಿಂದಿನ ದಾಖಲೆ 2018ರ ಡಿಸೆಂಬರ್‌ನದು. ಅದರಲ್ಲಿ ಇದ್ದದ್ದು 2,48,62,048 ಅಂಕಿ. ಒಂದೇ ನೆಗೆತಕ್ಕೆ 1.6 ಕೋಟಿ ಅಂಕಿ ಮುಂದೆ ಹೋದ ಹಾಗಾಯಿತು.

ಇಂಥ ಸುದ್ದಿ ಬಂದಾಗಲೆಲ್ಲ ಜನ ಎರಡು ಪ್ರಶ್ನೆ ಕೇಳುತ್ತಾರೆ. ಅದು ಎಷ್ಟು ದೊಡ್ಡದು? ಅದರಿಂದ ಏನು ಉಪಯೋಗ? ಎರಡೂ ಸರಿಯಾದ ಪ್ರಶ್ನೆಗಳೇ. ಆದರೆ ನನ್ನನ್ನು ಹಿಡಿದು ಕೂರಿಸಿದ್ದು ಮೂರನೆಯದು. ಯಾರೂ ಪೂರ್ತಿ ಓದಲಾಗದ ಒಂದು ಸಂಖ್ಯೆಯನ್ನು ಬೇರೆ ಯಾವ ಸಂಖ್ಯೆಯೂ ಭಾಗಿಸುವುದಿಲ್ಲ ಅಂತ ಇಷ್ಟು ಧೈರ್ಯವಾಗಿ ಹೇಳುವುದು ಹೇಗೆ? ಇದು ಅಂದಾಜಲ್ಲ, ಬಹುಶಃ ಅನ್ನುವ ಮಾತೂ ಅಲ್ಲ. ಎರಡು ಕೂಡಿಸಿ ಎರಡು ನಾಲ್ಕು ಅನ್ನುವಷ್ಟೇ ಖಚಿತ. ಆ ಖಚಿತತೆ ಎಲ್ಲಿಂದ ಬಂತು ಅಂತ ನೋಡುವುದೇ ಈ ಬರಹದ ಕೆಲಸ.

ಮೊದಲು ಒಂದು ತಪ್ಪು ತಿದ್ದಿಕೊಳ್ಳೋಣ. "ಅತಿ ದೊಡ್ಡ ಅವಿಭಾಜ್ಯ ಸಂಖ್ಯೆ ಪತ್ತೆ" ಅನ್ನುವುದು ಸರಿಯಲ್ಲ. ಅತಿ ದೊಡ್ಡದು ಅಂತ ಒಂದು ಇಲ್ಲವೇ ಇಲ್ಲ. ಅವಿಭಾಜ್ಯ ಸಂಖ್ಯೆಗಳಿಗೆ ಕೊನೆಯಿಲ್ಲ ಅಂತ ಯೂಕ್ಲಿಡ್ ಎರಡು ಸಾವಿರ ವರ್ಷಕ್ಕೂ ಹಿಂದೆ ತೋರಿಸಿದ್ದ. ನಿಮಗೆ ಗೊತ್ತಿರುವ ಅವಿಭಾಜ್ಯಗಳನ್ನೆಲ್ಲ ಗುಣಿಸಿ, ಒಂದು ಕೂಡಿಸಿ. ಬಂದ ಸಂಖ್ಯೆಯನ್ನು ನಿಮ್ಮ ಪಟ್ಟಿಯ ಯಾವುದರಿಂದ ಭಾಗಿಸಿದರೂ ಒಂದು ಶೇಷ ಉಳಿಯುತ್ತದೆ. ಅಂದಮೇಲೆ ಪಟ್ಟಿಯಲ್ಲಿಲ್ಲದ ಅವಿಭಾಜ್ಯ ಎಲ್ಲೋ ಇರಲೇಬೇಕು. 2ರಿಂದ 13ರವರೆಗಿನ ಅವಿಭಾಜ್ಯಗಳನ್ನು ಗುಣಿಸಿ ಒಂದು ಕೂಡಿಸಿದರೆ 30031. ಅದು 59 ಮತ್ತು 509ರ ಗುಣಲಬ್ಧ. ಎರಡೂ ಪಟ್ಟಿಯ ಹೊರಗಿನವೇ. ಹಾಗಾಗಿ ಸರಿಯಾದ ಮಾತು "ನಮಗೆ ಗೊತ್ತಿರುವವುಗಳಲ್ಲಿ ಅತಿ ದೊಡ್ಡದು" ಅಂತ. "ಗೊತ್ತಿರುವ" ಅನ್ನುವ ಆ ಒಂದು ಪದದಲ್ಲೇ ಇಡೀ ಕಥೆ ಇದೆ.

ಬರೀ ಒಂದುಗಳ ಸಾಲು

ಹುಣಸೆ ಬೀಜ ತೆಗೆದುಕೊಳ್ಳಿ. ಅಳಗುಳಿ ಮಣೆ ಆಡುವ ಮನೆಯಲ್ಲಿ ಡಬ್ಬಿ ತುಂಬಾ ಇರುತ್ತವೆ ಅಲ್ವಾ. 12 ಬೀಜವನ್ನು ಸಮನಾದ ಸಾಲುಗಳಲ್ಲಿ ಜೋಡಿಸಬಹುದು. ಮೂರು ಸಾಲು, ಸಾಲಿಗೆ ನಾಲ್ಕು. ಅಥವಾ ಎರಡು ಸಾಲು, ಸಾಲಿಗೆ ಆರು. 7 ಬೀಜವನ್ನು ಹೇಗೆ ಜೋಡಿಸಿದರೂ ಒಂದೇ ಉದ್ದ ಸಾಲು. ಅದೇ ಅವಿಭಾಜ್ಯ. ಶಾಲೆಯಲ್ಲಿ ಕಲಿತ ಪದದ ಅರ್ಥ ಇಷ್ಟೇ.

ಈಗ 1ರಿಂದ ಶುರುಮಾಡಿ ದುಪ್ಪಟ್ಟು ಮಾಡುತ್ತಾ ಹೋಗಿ: 2, 4, 8, 16, 32. ಪ್ರತಿಯೊಂದರಿಂದ ಒಂದು ಬೀಜ ತೆಗೆದುಬಿಡಿ: 1, 3, 7, 15, 31. ಇವುಗಳಲ್ಲಿ 3, 7, 31 ಅವಿಭಾಜ್ಯ. ಹೀಗೆ ಸಿಗುವ ಸಂಖ್ಯೆಗಳಿಗೆ ಮರ್ಸೆನ್ ಸಂಖ್ಯೆಗಳು, ಅವುಗಳಲ್ಲಿ ಅವಿಭಾಜ್ಯವಾದವುಗಳಿಗೆ ಮರ್ಸೆನ್ ಅವಿಭಾಜ್ಯಗಳು ಅಂತ ಹೆಸರು. ಮರೆನ್ ಮರ್ಸೆನ್ 17ನೇ ಶತಮಾನದ ಫ್ರೆಂಚ್ ಸನ್ಯಾಸಿ. 1644ರಲ್ಲಿ ಅವನು ಒಂದು ಪಟ್ಟಿ ಕೊಟ್ಟ. 257ನೇ ಘಾತದವರೆಗೆ ಯಾವ್ಯಾವುದು ಅವಿಭಾಜ್ಯ ಅಂತ ಅದರಲ್ಲಿ ಹೇಳಿದ. ಪಟ್ಟಿಯಲ್ಲಿ ತಪ್ಪುಗಳಿದ್ದವು. 67 ಮತ್ತು 257 ಅವಿಭಾಜ್ಯ ಕೊಡುವುದಿಲ್ಲ, ಆದರೂ ಅವನು ಸೇರಿಸಿದ್ದ. 61, 89, 107 ಕೊಡುತ್ತವೆ, ಆದರೆ ಬಿಟ್ಟಿದ್ದ. ಪಟ್ಟಿಯನ್ನು ಪೂರ್ತಿ ತಿದ್ದಿ ಮುಗಿಸುವಷ್ಟರಲ್ಲಿ 1947 ಬಂದಿತ್ತು. ಮೂರು ನೂರು ವರ್ಷ ಜನರನ್ನು ಕೆಲಸಕ್ಕೆ ಹಚ್ಚಿದ ಪಟ್ಟಿ ಅದು. ಹೆಸರು ಅವನದೇ ಉಳಿದದ್ದು ನ್ಯಾಯ ಅಂತಲೇ ನನಗೆ ಅನಿಸುತ್ತದೆ.

ಕಂಪ್ಯೂಟರ್ ಸಂಖ್ಯೆಗಳನ್ನು ಬರೆಯುವುದು ದ್ವಿಮಾನದಲ್ಲಿ, ಬರೀ 0 ಮತ್ತು 1 ಬಳಸಿ. ಆ ಬರವಣಿಗೆಯಲ್ಲಿ ಇವುಗಳ ಮುಖ ಇನ್ನೂ ಚೆನ್ನಾಗಿ ಕಾಣುತ್ತದೆ. 3 ಅಂದರೆ 11. 7 ಅಂದರೆ 111. 31 ಅಂದರೆ 11111. ನಮ್ಮ ಹೊಸ ಸಂಖ್ಯೆ ಅಂದರೆ 13,62,79,841 ಒಂದುಗಳು, ಸಾಲಾಗಿ, ನಡುವೆ ಒಂದೇ ಒಂದು ಸೊನ್ನೆ ಇಲ್ಲದೆ. ದಶಮಾನದಲ್ಲಿ ನೋಡಿದರೆ ಅಂಕಿಗಳು ಚೆಲ್ಲಾಪಿಲ್ಲಿ ಕಾಣುತ್ತವೆ. ಒಳಗಿನ ರೂಪ ಇಷ್ಟು ಸರಳ.

ಈ ರೂಪ ನೋಡಿದ ಕೂಡಲೇ ಒಂದು ಗುಣ ಗೊತ್ತಾಗುತ್ತದೆ. ಆರು ಒಂದುಗಳನ್ನು ತೆಗೆದುಕೊಳ್ಳಿ: 111111. ಇದನ್ನು 111 111 ಅಂತ ಎರಡು ತುಂಡು ಮಾಡಬಹುದು. ಅಂದರೆ 111 ಅನ್ನು 1001ರಿಂದ ಗುಣಿಸಿದ ಹಾಗೆ. ದಶಮಾನದಲ್ಲಿ ಹೇಳಿದರೆ ಅದು 7 ಗುಣಿಸು 9, ಅಂದರೆ 63. ಒಂದುಗಳ ಎಣಿಕೆಯನ್ನೇ ಸಮನಾದ ತುಂಡು ಮಾಡಲಾದರೆ ಸಂಖ್ಯೆಯೂ ತುಂಡಾಗುತ್ತದೆ. ಹಾಗಾಗಿ ಮರ್ಸೆನ್ ಸಂಖ್ಯೆ ಅವಿಭಾಜ್ಯವಾಗಬೇಕಾದರೆ ಮೊದಲು ಅದರ ಘಾತವೇ ಅವಿಭಾಜ್ಯ ಆಗಿರಬೇಕು. 13,62,79,841 ಅವಿಭಾಜ್ಯವೇ. ಆದರೆ ಅಷ್ಟು ಸಾಲದು. 11 ಅವಿಭಾಜ್ಯ. ಹನ್ನೊಂದು ಒಂದುಗಳ ಸಂಖ್ಯೆ 2047. ಅದು 23 ಗುಣಿಸು 89. ಈ 2047 ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

ಹೊಸ ಸಂಖ್ಯೆಯ ಬಗ್ಗೆ ಅಂಕಿ ನೋಡದೆಯೇ ಇನ್ನೂ ಒಂದಿಷ್ಟು ಹೇಳಬಹುದು. ಕೊನೆಯ ಅಂಕಿ 1 ಆಗಿರಲೇಬೇಕು, ಯಾಕೆಂದರೆ ಘಾತವನ್ನು 4ರಿಂದ ಭಾಗಿಸಿದರೆ 1 ಉಳಿಯುತ್ತದೆ. 3 ಉಳಿದಿದ್ದರೆ ಕೊನೆಯ ಅಂಕಿ 7 ಆಗುತ್ತಿತ್ತು, 127ರ ಹಾಗೆ. ಅದಕ್ಕೆ ಒಂದು ಕೂಡಿಸಿದರೆ ಬರೀ ಎರಡರ ಘಾತ. ಎರಡು ಕೂಡಿಸಿದರೆ 3ರಿಂದ ಭಾಗವಾಗುತ್ತದೆ. 7ಕ್ಕೆ 9, 31ಕ್ಕೆ 33, 127ಕ್ಕೆ 129, ನೋಡಿ. ಇನ್ನೊಂದು ಗುಣ: 5 ಅನ್ನು 1 ಮತ್ತು 4 ಅಂತ, 13 ಅನ್ನು 4 ಮತ್ತು 9 ಅಂತ ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದು. ಮರ್ಸೆನ್ ಅವಿಭಾಜ್ಯಗಳಲ್ಲಿ ಯಾವುದನ್ನೂ ಹಾಗೆ ಬರೆಯಲಾಗದು. ಅವೆಲ್ಲವನ್ನೂ 4ರಿಂದ ಭಾಗಿಸಿದರೆ 3 ಉಳಿಯುತ್ತದೆ. ಅಂಥ ಸಂಖ್ಯೆ ಯಾವತ್ತೂ ಎರಡು ವರ್ಗಗಳ ಮೊತ್ತ ಆಗುವುದಿಲ್ಲ.

ಎಲ್ಲಕ್ಕಿಂತ ಹಳೆಯ ನಂಟು ಪರಿಪೂರ್ಣ ಸಂಖ್ಯೆಗಳದ್ದು. 28ನ್ನು ಭಾಗಿಸುವ ತನಗಿಂತ ಚಿಕ್ಕ ಸಂಖ್ಯೆಗಳು 1, 2, 4, 7, 14. ಕೂಡಿಸಿದರೆ 28. 6 ಕೂಡ ಹಾಗೇ, 496 ಮತ್ತು 8128 ಕೂಡ. ಒಂದೊಂದು ಮರ್ಸೆನ್ ಅವಿಭಾಜ್ಯ ಒಂದೊಂದು ಪರಿಪೂರ್ಣ ಸಂಖ್ಯೆ ಕೊಡುತ್ತದೆ ಅಂತ ಯೂಕ್ಲಿಡ್‌ಗೆ ಗೊತ್ತಿತ್ತು. ಸಮ ಪರಿಪೂರ್ಣ ಸಂಖ್ಯೆಗಳೆಲ್ಲ ಹೀಗೇ ಬರಬೇಕು, ಬೇರೆ ದಾರಿಯಿಲ್ಲ ಅಂತ ಗಣಿತಜ್ಞ ಆಯ್ಲರ್ ತೋರಿಸಿದ. ಹಾಗಾಗಿ 2024ರ ಅಕ್ಟೋಬರ್‌ನಲ್ಲಿ ಒಂದಲ್ಲ, ಎರಡು ಸಂಖ್ಯೆ ಸಿಕ್ಕಿದವು. ಹೊಸ ಪರಿಪೂರ್ಣ ಸಂಖ್ಯೆಯಲ್ಲಿ 8,20,48,640 ಅಂಕಿಗಳಿವೆ. ಬೆಸ ಪರಿಪೂರ್ಣ ಸಂಖ್ಯೆ ಒಂದಾದರೂ ಇದೆಯಾ? ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಭಾಗಿಸದೆ ಕೇಳುವ ಪ್ರಶ್ನೆ

ಈಗ ಮುಖ್ಯ ವಿಷಯಕ್ಕೆ ಬರೋಣ. ಒಂದು ಸಂಖ್ಯೆ ಅವಿಭಾಜ್ಯವಾ ಅಂತ ನೋಡಲು ನಮಗೆ ಶಾಲೆಯಲ್ಲಿ ಹೇಳಿಕೊಟ್ಟ ದಾರಿ ಭಾಗಿಸಿ ನೋಡುವುದು. 2, 3, 5, 7 ಅಂತ ಅದರ ವರ್ಗಮೂಲದವರೆಗೆ. ನಮ್ಮ ಸಂಖ್ಯೆಯ ವರ್ಗಮೂಲದಲ್ಲೇ ಎರಡು ಕೋಟಿ ಅಂಕಿಗಳಿವೆ. ನಾವು ಕಾಣಬಲ್ಲ ವಿಶ್ವದ ಪರಮಾಣುಗಳನ್ನೆಲ್ಲ ಎಣಿಸಿದರೂ ಸುಮಾರು 80 ಅಂಕಿಯ ಸಂಖ್ಯೆ ಬರುತ್ತದೆ ಅಷ್ಟೇ. ಭಾಗಿಸಿ ಮುಗಿಸುವ ಮಾತೇ ಇಲ್ಲ.

ಬೇರೆ ದಾರಿ ತೋರಿಸಿದವನು ಫ್ರಾನ್ಸಿನ ಎದುವಾರ್ ಲ್ಯೂಕಾ, 1870ರ ದಶಕದಲ್ಲಿ. 1930ರಲ್ಲಿ ಅಮೆರಿಕದ ಡೆರಿಕ್ ಲೆಹ್ಮರ್ ಅದನ್ನು ಇನ್ನೂ ಸರಳ ಮಾಡಿದ. ವಿಧಾನ ಎಷ್ಟು ಚಿಕ್ಕದು ಅಂದರೆ ಹೈಸ್ಕೂಲಿನ ಮಕ್ಕಳಿಗೂ ಹೇಳಿಕೊಡಬಹುದು. 4ರಿಂದ ಶುರುಮಾಡಿ. ವರ್ಗ ಮಾಡಿ, 2 ಕಳೆಯಿರಿ. ಬಂದದ್ದನ್ನು ನಿಮ್ಮ ಮರ್ಸೆನ್ ಸಂಖ್ಯೆಯಿಂದ ಭಾಗಿಸಿ ಶೇಷ ಮಾತ್ರ ಇಟ್ಟುಕೊಳ್ಳಿ. ಮತ್ತೆ ವರ್ಗ, ಮತ್ತೆ 2 ಕಳೆ, ಮತ್ತೆ ಶೇಷ. ಘಾತಕ್ಕಿಂತ ಎರಡು ಕಡಿಮೆ ಸಲ ಹೀಗೆ ಮಾಡಿ. ಕೊನೆಗೆ ಸೊನ್ನೆ ಬಂದರೆ ಅವಿಭಾಜ್ಯ. ಬೇರೆ ಏನು ಬಂದರೂ ಅಲ್ಲ.

127ನ್ನು ನೋಡಿ. ಅದು 2ರ ಏಳನೇ ಘಾತದಲ್ಲಿ ಒಂದು ಕಳೆದದ್ದು. ಹಾಗಾಗಿ ಐದು ಸಲ ಮಾಡಬೇಕು. 4ರ ವರ್ಗ 16, ಎರಡು ಕಳೆದರೆ 14. 14ರ ವರ್ಗ 196, ಎರಡು ಕಳೆದರೆ 194, 127 ತೆಗೆದರೆ 67. 67ರಿಂದ 42 ಬರುತ್ತದೆ. 42ರಿಂದ 111. 111ರ ವರ್ಗ 12321, ಎರಡು ಕಳೆದರೆ 12319. ಅದು 127ರ ಸರಿಯಾಗಿ 97 ಪಟ್ಟು. ಶೇಷ ಸೊನ್ನೆ. 127 ಅವಿಭಾಜ್ಯ. ಎಲ್ಲೂ 3ರಿಂದ, 5ರಿಂದ, 7ರಿಂದ ಭಾಗಿಸಿ ನೋಡಲೇ ಇಲ್ಲ.

ಒಂದು ಸಂಜೆ ಕರೆಂಟ್ ಹೋದಾಗ ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ 2047ಕ್ಕೂ ಇದನ್ನೇ ಮಾಡಿ ನೋಡಿದೆ. ಒಂಬತ್ತು ಸಲ. 4, 14, 194, 788, 701, 119, 1877, 240, 282. ಕೊನೆಯ ಸಲಕ್ಕೆ ಬಂದದ್ದು 1736. ಸೊನ್ನೆ ಅಲ್ಲ. ಅಂದರೆ 2047 ಅವಿಭಾಜ್ಯ ಅಲ್ಲ. ಗಮನಿಸಿ, ಈ ಲೆಕ್ಕದಲ್ಲಿ 23 ಎಲ್ಲೂ ಬರಲಿಲ್ಲ, 89 ಕೂಡ ಬರಲಿಲ್ಲ. ಸಂಖ್ಯೆ ಒಡೆಯುತ್ತದೆ ಅಂತ ಖಚಿತವಾಗಿ ಗೊತ್ತಾಯಿತು, ಎಲ್ಲಿ ಒಡೆಯುತ್ತದೆ ಅಂತ ಗೊತ್ತಾಗಲಿಲ್ಲ. ಆ 1736ನ್ನು ನೋಡುತ್ತಾ ಸುಮಾರು ಹೊತ್ತು ಕೂತಿದ್ದೆ. ಪುಸ್ತಕದಲ್ಲಿ ಓದಿದಾಗ ಇದು ಇಷ್ಟು ತಟ್ಟಿರಲಿಲ್ಲ.

ಈ ಎರಡು ತಿಳಿವಳಿಕೆಗಳ ನಡುವಿನ ಅಂತರ ಎಷ್ಟು ದೊಡ್ಡದು ಅನ್ನುವುದಕ್ಕೆ ಮರ್ಸೆನ್ ಪಟ್ಟಿಯ 67ನೇ ಘಾತವೇ ಸಾಕ್ಷಿ. ಅದು ಅವಿಭಾಜ್ಯ ಅಲ್ಲ ಅಂತ ಲ್ಯೂಕಾ 1876ರಲ್ಲೇ ತೋರಿಸಿದ್ದ. ಆದರೆ ಅದರ ಅಪವರ್ತನಗಳು ಯಾವುವು ಅಂತ 27 ವರ್ಷ ಯಾರಿಗೂ ತಿಳಿಯಲಿಲ್ಲ. 1903ರ ಅಕ್ಟೋಬರ್‌ನಲ್ಲಿ ಅಮೆರಿಕನ್ ಮ್ಯಾಥಮ್ಯಾಟಿಕಲ್ ಸೊಸೈಟಿಯ ಸಭೆಯಲ್ಲಿ ಫ್ರಾಂಕ್ ನೆಲ್ಸನ್ ಕೋಲ್ ಅವನ್ನು ಮಂಡಿಸಿದರು: 193707721 ಮತ್ತು 761838257287. ಬಾಯಿ ತೆರೆಯದೆ ಬೋರ್ಡಿನ ಮೇಲೆ ಗುಣಾಕಾರ ಮಾಡಿ ತೋರಿಸಿ ಹೋಗಿ ಕೂತರು, ಸಭೆ ಚಪ್ಪಾಳೆ ತಟ್ಟಿತು ಅಂತ ಗಣಿತದವರು ಇವತ್ತಿಗೂ ಹೇಳಿಕೊಳ್ಳುತ್ತಾರೆ. ಅದನ್ನು ಹುಡುಕಲು ಮೂರು ವರ್ಷದ ಭಾನುವಾರಗಳು ಹಿಡಿದವು ಅನ್ನುವುದೂ ಅದೇ ಕಥೆಯ ಭಾಗ.

ಅದೇ 1876ರಲ್ಲಿ ಲ್ಯೂಕಾ 127ನೇ ಘಾತದ್ದು ಅವಿಭಾಜ್ಯ ಅಂತ ತೋರಿಸಿದ. 39 ಅಂಕಿ. ಬರೀ ಕೈಯಲ್ಲಿ ಮಾಡಿದ ಲೆಕ್ಕ. ಮುಂದಿನ 75 ವರ್ಷ ಅದೇ ದಾಖಲೆ.

ಹಗ್ಗ ಇಳಿಯುವಷ್ಟೇ ಆಳ

ವಿಧಾನ ಸರಳ ಇರಬಹುದು, ಕೆಲಸ ಮಾತ್ರ ಭಾರಿ. ಹೊಸ ಸಂಖ್ಯೆಗೆ 13,62,79,839 ಸಲ ವರ್ಗ ಮಾಡಬೇಕು. ಪ್ರತಿ ಸಲವೂ ನಾಲ್ಕು ಕೋಟಿ ಅಂಕಿಯ ಸಂಖ್ಯೆಯನ್ನು ಅದರಿಂದಲೇ ಗುಣಿಸಬೇಕು. ಮಗ್ಗಿ ಕಲಿತ ರೀತಿಯಲ್ಲಿ ಸಾಲು ಸಾಲಾಗಿ ಗುಣಿಸಿದರೆ ಒಂದೇ ಒಂದು ವರ್ಗಕ್ಕೆ ಸುಮಾರು 17 ಕೋಟಿ ಕೋಟಿ ಸಣ್ಣ ಗುಣಾಕಾರಗಳು ಬೇಕು. ಅದಕ್ಕೇ ಇಲ್ಲಿ ಬೇರೆ ಉಪಾಯ ಮಾಡುತ್ತಾರೆ. ಸಂಖ್ಯೆಯನ್ನು ಒಂದು ಅಲೆಯ ಹಾಗೆ ನೋಡಿ, ಅಲೆಯ ಭಾಷೆಯಲ್ಲಿ ಗುಣಿಸಿ, ಮತ್ತೆ ಸಂಖ್ಯೆಗೆ ಮರಳುತ್ತಾರೆ. ಫೂರಿಯೇ ಪರಿವರ್ತನೆ ಅಂತ ಅದರ ಹೆಸರು. ಹಾಡನ್ನು ಫೋನಿನಲ್ಲಿ ಚಿಕ್ಕ ಫೈಲ್ ಮಾಡುವುದಕ್ಕೂ ಅದೇ ಬಗೆಯ ಗಣಿತ ಬಳಕೆಯಾಗುತ್ತದೆ.

ಶೇಷ ತೆಗೆಯುವ ಕೆಲಸವನ್ನು ಮಾತ್ರ ಸಂಖ್ಯೆಯ ರೂಪವೇ ಹಗುರ ಮಾಡಿಕೊಡುತ್ತದೆ. ನಮಗೆಲ್ಲ ಗೊತ್ತಿರುವ ಉಪಾಯ ಒಂದಿದೆ. 9ರಿಂದ ಭಾಗಿಸಿದರೆ ಶೇಷ ಎಷ್ಟು ಅಂತ ನೋಡಲು ಅಂಕಿಗಳನ್ನು ಕೂಡಿಸುತ್ತೇವೆ. 99ಕ್ಕೂ ಹಾಗೇ, ಎರಡೆರಡು ಅಂಕಿ ತೆಗೆದುಕೊಂಡು ಕೂಡಿಸಬೇಕು. 4523ಕ್ಕೆ 45 ಮತ್ತು 23 ಕೂಡಿಸಿದರೆ 68. ಅದೇ ಶೇಷ. 9, 99, 999 ಇವು ದಶಮಾನದ ಕೊನೆಯ ಅಂಕಿಯಿಂದಲೇ ತುಂಬಿದ ಸಾಲುಗಳು. ದ್ವಿಮಾನದಲ್ಲಿ ಅದೇ ಸ್ಥಾನ 1, 11, 111 ಇವುಗಳದ್ದು. ಹಾಗಾಗಿ ಮರ್ಸೆನ್ ಸಂಖ್ಯೆಯಿಂದ ಭಾಗಿಸಬೇಕಾದಾಗ ಕಂಪ್ಯೂಟರ್ ಭಾಗಿಸುವುದೇ ಇಲ್ಲ. ಉದ್ದ ಸಾಲನ್ನು ಎರಡು ತುಂಡು ಮಾಡಿ ಕೂಡಿಸುತ್ತದೆ. ಒಂಬತ್ತರ ಶೇಷ ತೆಗೆಯಲು ಐದನೇ ಕ್ಲಾಸಿನ ಮಗು ಮಾಡುವುದನ್ನೇ ಮಾಡುತ್ತದೆ.

ಗೊತ್ತಿರುವ ಅವಿಭಾಜ್ಯಗಳ ಪಟ್ಟಿಯ ತುದಿಯಲ್ಲಿ ಬರೀ ಮರ್ಸೆನ್ ಸಂಖ್ಯೆಗಳೇ ಯಾಕೆ ಅನ್ನುವುದು ಈಗ ಗೊತ್ತಾಯಿತಲ್ಲ. ಅಷ್ಟು ದೊಡ್ಡ ಅವಿಭಾಜ್ಯಗಳೆಲ್ಲ ಮರ್ಸೆನ್ ಅಂತೇನಿಲ್ಲ. ಆ ಗಾತ್ರದಲ್ಲಿ ಸರಾಸರಿ 9.4 ಕೋಟಿ ಸಂಖ್ಯೆಗೆ ಒಂದು ಅವಿಭಾಜ್ಯ ಇರುತ್ತದೆ. ಕಡಿಮೆ ಅನಿಸಬಹುದು. ಆದರೆ ಆ ಗಾತ್ರದ ಸಂಖ್ಯೆಗಳು ಎಷ್ಟಿವೆ ಅಂತ ಯೋಚಿಸಿ. ನಮ್ಮ ಸಂಖ್ಯೆಗೂ ಅದರ ದುಪ್ಪಟ್ಟಿಗೂ ನಡುವೆ ಹೆಸರಿಡಲಾಗದಷ್ಟು ಅವಿಭಾಜ್ಯಗಳಿವೆ. ಯಾವುದೇ ಸಂಖ್ಯೆಗೂ ಅದರ ದುಪ್ಪಟ್ಟಿಗೂ ನಡುವೆ ಒಂದಾದರೂ ಅವಿಭಾಜ್ಯ ಇದ್ದೇ ಇರುತ್ತದೆ ಅಂತ ರಷ್ಯಾದ ಚೆಬಿಷೇವ್ 19ನೇ ಶತಮಾನದಲ್ಲೇ ಸಾಧಿಸಿದ್ದ. ಇವೆ ಅಂತ ಗೊತ್ತು. ಒಂದನ್ನೂ ಬೆರಳು ಮಾಡಿ ತೋರಿಸಲಾಗುತ್ತಿಲ್ಲ. ಬಾವಿಯಲ್ಲಿ ನೀರು ಎಷ್ಟೇ ಇರಲಿ, ಹಗ್ಗ ಇಳಿಯುವಷ್ಟು ಆಳಕ್ಕೆ ಮಾತ್ರ ಕೊಡ ಮುಟ್ಟುತ್ತದೆ. ಲ್ಯೂಕಾ ಮತ್ತು ಲೆಹ್ಮರ್ ಕೊಟ್ಟ ಹಗ್ಗ ಮರ್ಸೆನ್ ಸಂಖ್ಯೆಗಳಿಗೆ ಮಾತ್ರ ಇಳಿಯುವಂಥದ್ದು.

ಎಲ್ಲ ಸಂಖ್ಯೆಗಳಿಗೂ ಆಗುವ ಹಗ್ಗ ಇಲ್ಲವಾ? ಇದೆ, ಅದನ್ನು ಹೊಸೆದದ್ದು ನಮ್ಮ ದೇಶದಲ್ಲೇ. 2002ರಲ್ಲಿ ಐಐಟಿ ಕಾನ್ಪುರದ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ ಒಂದು ವಿಧಾನ ಪ್ರಕಟಿಸಿದರು. ಯಾವುದೇ ಸಂಖ್ಯೆ ಕೊಡಿ, ಅದು ಅವಿಭಾಜ್ಯವಾ ಅಲ್ಲವಾ ಅಂತ ಖಚಿತವಾಗಿ ಹೇಳುತ್ತದೆ. ಅದಕ್ಕೆ ಹಿಡಿಯುವ ಸಮಯ ಅಂಕಿಗಳು ಹೆಚ್ಚಿದಂತೆ ಕೈಮೀರಿ ಉಬ್ಬುವುದಿಲ್ಲ. ಅಂಥ ವಿಧಾನ ಸಾಧ್ಯವಾ ಅನ್ನುವುದೇ ಆವರೆಗೆ ತೆರೆದ ಪ್ರಶ್ನೆಯಾಗಿತ್ತು. ಕಯಾಲ್ ಮತ್ತು ಸಕ್ಸೇನಾ ಆಗಷ್ಟೇ ಬಿ.ಟೆಕ್ ಮುಗಿಸಿದ್ದರು. 2006ರಲ್ಲಿ ಮೂವರಿಗೂ ಗೋಡೆಲ್ ಪ್ರಶಸ್ತಿ ಬಂತು. ಕಯಾಲ್ ಮುಂದೆ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ ಸಂಶೋಧಕರಾದರು. ಆದರೆ ದಾಖಲೆ ಹುಡುಕುವವರು ಆ ವಿಧಾನ ಬಳಸುವುದಿಲ್ಲ. ಎಲ್ಲ ಸಂಖ್ಯೆಗೂ ಆಗುವ ವಿಧಾನ ಒಂದೇ ಬಗೆಯ ಸಂಖ್ಯೆಗೆಂದೇ ಇರುವ ವಿಧಾನದಷ್ಟು ಚುರುಕಾಗಿರಲಾರದು. ಕಾನ್ಪುರದ ಕೆಲಸದ ಬೆಲೆ ವೇಗದಲ್ಲಿಲ್ಲ. ಇಂಥದ್ದೊಂದು ಸಾಧ್ಯ ಅಂತ ತೋರಿಸಿದ್ದೇ ಅದರ ಬೆಲೆ.

ಮನೆ ಕಂಪ್ಯೂಟರಿನಿಂದ ಬಾಡಿಗೆ ಜಿಪಿಯುಗೆ

1952ರ ಜನವರಿ 30ರಂದು ಅಮೆರಿಕದ ರಾಫೆಲ್ ರಾಬಿನ್ಸನ್ ಬರೆದ ಪ್ರೋಗ್ರಾಂ ಒಂದೇ ದಿನ ಎರಡು ಹೊಸ ಮರ್ಸೆನ್ ಅವಿಭಾಜ್ಯ ಕೊಟ್ಟಿತು, 521 ಮತ್ತು 607ನೇ ಘಾತದವು. ಅಲ್ಲಿಂದ ಇದು ಕಂಪ್ಯೂಟರುಗಳ ಕೆಲಸವಾಯಿತು. 1996ರಲ್ಲಿ ಜಾರ್ಜ್ ವೋಲ್ಟ್‌ಮನ್ ಇದನ್ನು ಜನರ ಕೆಲಸ ಮಾಡಿದರು. ಗ್ರೇಟ್ ಇಂಟರ್ನೆಟ್ ಮರ್ಸೆನ್ ಪ್ರೈಮ್ ಸರ್ಚ್, ಚಿಕ್ಕದಾಗಿ ಗಿಂಪ್ಸ್. ಅವರ ಪ್ರೈಮ್95 ಪ್ರೋಗ್ರಾಂ ಹಾಕಿಕೊಂಡರೆ ನಿಮ್ಮ ಕಂಪ್ಯೂಟರ್ ಸುಮ್ನೆ ಕೂತಿರುವ ಹೊತ್ತಿನಲ್ಲಿ ಒಂದು ಘಾತ ತೆಗೆದುಕೊಂಡು ಲೆಕ್ಕ ಮಾಡುತ್ತದೆ. ಆ ವರ್ಷದ ನವೆಂಬರ್‌ನಿಂದ ಈಚೆಗೆ ಸಿಕ್ಕ 18 ಮರ್ಸೆನ್ ಅವಿಭಾಜ್ಯಗಳೂ ಗಿಂಪ್ಸ್‌ನವೇ. ಹೊಸದು ನಮಗೆ ಗೊತ್ತಿರುವ 52ನೆಯದು.

ಆದರೆ ಈ ಸಲ ಒಂದು ವಿಷಯ ಬದಲಾಯಿತು. 28 ವರ್ಷ ಈ ಸಂಖ್ಯೆಗಳು ಸಿಕ್ಕಿದ್ದು ಸಾಮಾನ್ಯ ಕಂಪ್ಯೂಟರುಗಳಲ್ಲಿ. ಡ್ಯುರಾಂಟ್ 17 ದೇಶಗಳ 24 ಡೇಟಾ ಸೆಂಟರ್ ವಲಯಗಳಲ್ಲಿ ಜಿಪಿಯುಗಳನ್ನು ಜೋಡಿಸಿಕೊಂಡರು. ಕೃತಕ ಬುದ್ಧಿಮತ್ತೆಗೆ ಬಳಸುವ ಅದೇ ಚಿಪ್‌ಗಳು. ಅಕ್ಟೋಬರ್ 11ರಂದು ಡಬ್ಲಿನ್‌ನಲ್ಲಿದ್ದ ಒಂದು ಎ100 ಜಿಪಿಯು ಇದು ಬಹುಶಃ ಅವಿಭಾಜ್ಯ ಅಂತ ಹೇಳಿತು. ಮಾರನೇ ದಿನ ಟೆಕ್ಸಾಸಿನ ಸ್ಯಾನ್ ಆಂಟೋನಿಯೋದ ಒಂದು ಎಚ್100 ಲ್ಯೂಕಾ-ಲೆಹ್ಮರ್ ಪರೀಕ್ಷೆ ಮಾಡಿ ಹೌದು ಅಂತ ಖಚಿತ ಮಾಡಿತು. ಆಮೇಲೆ ಬೇರೆ ಬೇರೆ ಪ್ರೋಗ್ರಾಂ, ಬೇರೆ ಬೇರೆ ಯಂತ್ರಗಳಲ್ಲಿ ಮತ್ತೆ ಮತ್ತೆ ನೋಡಿದರು. ಅದಾದ ಮೇಲೆಯೇ ಘೋಷಣೆ.

ಮೊದಲು "ಬಹುಶಃ", ಆಮೇಲೆ "ಹೌದು" ಯಾಕೆ? ಮೊದಲ ಪರೀಕ್ಷೆ ಫರ್ಮಾ ಎಂಬ ಫ್ರೆಂಚ್ ಗಣಿತಜ್ಞ ಕಂಡುಕೊಂಡ ನಿಯಮದ ಮೇಲೆ ನಿಂತದ್ದು. ಅದರಲ್ಲಿ ಫೇಲ್ ಆದರೆ ಅವಿಭಾಜ್ಯ ಅಲ್ಲ ಅನ್ನುವುದು ಖಂಡಿತ. ಪಾಸಾದರೆ ಮಾತ್ರ ಸಣ್ಣ ಅನುಮಾನ ಉಳಿಯುತ್ತದೆ. ಹಾಗಿದ್ದೂ ಅದನ್ನೇ ಮೊದಲು ಮಾಡುವುದಕ್ಕೆ ಕಾರಣವಿದೆ. ಕೋಟಿಗಟ್ಟಲೆ ಹೆಜ್ಜೆಯ ಲೆಕ್ಕದಲ್ಲಿ ಮೆಮೊರಿಯ ಒಂದು ಬಿಟ್ ತಪ್ಪಿದರೆ ಮುಂದಿನದ್ದೆಲ್ಲ ಹಾಳು. ಆ ಮೊದಲ ಪರೀಕ್ಷೆಯಲ್ಲಿ ತಪ್ಪನ್ನು ದಾರಿಯಲ್ಲೇ ಹಿಡಿಯುವ ಉಪಾಯವನ್ನು ರಾಬರ್ಟ್ ಗೆರ್ಬಿಚ್ 2017ರಲ್ಲಿ ಕಂಡುಹಿಡಿದರು. 2020ರಿಂದ ಇನ್ನೊಂದು ಸೌಲಭ್ಯ ಸೇರಿತು. ಲೆಕ್ಕ ಮಾಡಿದವರು ಜೊತೆಗೆ ಒಂದು ಪುರಾವೆ ಫೈಲ್ ಕೊಡುತ್ತಾರೆ. ಬೇರೆಯವರು ಇಡೀ ಲೆಕ್ಕ ಮತ್ತೆ ಮಾಡದೆ, ತೀರಾ ಕಡಿಮೆ ಕೆಲಸದಲ್ಲಿ ಅದನ್ನು ಪರೀಕ್ಷಿಸಬಹುದು. ಮೊದಲು ಹಾಗಿರಲಿಲ್ಲ. ಮಾಡಲು ಎಷ್ಟು ಹೊತ್ತೋ ಸರಿನೋಡಲೂ ಅಷ್ಟೇ ಹೊತ್ತು.

ಜಿಪಿಯು ಸುದ್ದಿ ಓದಿದಾಗ ನನಗೆ ಸ್ವಲ್ಪ ಬೇಸರವಾಗಿದ್ದು ನಿಜ. ಯಾರದೋ ಮನೆಯ ಮೂಲೆಯ ಕಂಪ್ಯೂಟರಿಗೂ ಸಿಗಬಹುದು ಅನ್ನುವ ಆಸೆಯೇ ಈ ಹುಡುಕಾಟದ ಜೀವ ಆಗಿತ್ತು. ದುಡ್ಡಿದ್ದವರು ಇಷ್ಟು ಯಂತ್ರ ಇಳಿಸಿದರೆ ಉಳಿದವರ ಪಾಲು ಕಡಿಮೆಯಾಗುತ್ತದೆ. ಆದರೆ ಪುರಾವೆ ಫೈಲಿನ ಬಗ್ಗೆ ಓದಿದ ಮೇಲೆ ಮನಸ್ಸು ಬದಲಾಯಿತು. ಹುಡುಕುವುದು ದುಬಾರಿಯಾಗಿದೆ, ಸರಿಯಾ ಅಂತ ನೋಡುವುದು ಅಗ್ಗವಾಗಿದೆ. ಡೇಟಾ ಸೆಂಟರ್ ಹೇಳಿದ ಮಾತನ್ನು ಒಂದು ಹಳೇ ಕಂಪ್ಯೂಟರ್ ಪರೀಕ್ಷಿಸಬಲ್ಲದು. ಗಣಿತದಲ್ಲಿ ನಂಬಿಕೆ ಅಂದರೆ ಇದೇ. ಡ್ಯುರಾಂಟ್ ಕೂಡ ತಮಗೆ ಬರುವ 3,000 ಡಾಲರ್ ಬಹುಮಾನವನ್ನು ತಾವು ಓದಿದ ಅಲಬಾಮಾದ ಗಣಿತ-ವಿಜ್ಞಾನ ಶಾಲೆಗೆ ಕೊಡುವುದಾಗಿ ಹೇಳಿದರು.

ಉಪಯೋಗದ ಮಾತು

"ಬ್ಯಾಂಕಿನ ಸುರಕ್ಷತೆಗೆ ಇಂಥ ಸಂಖ್ಯೆ ಬೇಕು" ಅಂತ ಎಷ್ಟೋ ಕಡೆ ಬರೆಯುತ್ತಾರೆ. ಇದು ಸರಿಯಲ್ಲ. ಗುಪ್ತ ಸಂಕೇತಕ್ಕೆ ಅವಿಭಾಜ್ಯಗಳು ಬೇಕು ಅನ್ನುವುದು ನಿಜ. ಆದರೆ ಆರ್‌ಎಸ್‌ಎ ವಿಧಾನದಲ್ಲಿ ಸಾಮಾನ್ಯವಾಗಿ ಬಳಸುವ ಅವಿಭಾಜ್ಯಗಳಲ್ಲಿ 300 ಚಿಲ್ಲರೆ ಅಂಕಿ ಇರುತ್ತವೆ ಅಷ್ಟೇ. ಅವು ಯಾರಿಗೂ ಗೊತ್ತಿರಬಾರದು. ಪ್ರಪಂಚದ ಪೇಪರುಗಳಲ್ಲೆಲ್ಲ ಬಂದ ಸಂಖ್ಯೆ ಬೀಗದ ಕೀ ಆಗಲಾರದು.

ಚಿಕ್ಕ ಮರ್ಸೆನ್ ಅವಿಭಾಜ್ಯಗಳು ಮಾತ್ರ ಬೇರೆ ದಾರಿಯಲ್ಲಿ ಬಂದು ನಮ್ಮ ನಡುವೆ ಕೆಲಸ ಮಾಡುತ್ತಿವೆ. ರಾಬಿನ್ಸನ್ 1952ರಲ್ಲಿ ಹುಡುಕಿದ 521ನೇ ಘಾತದ್ದು ಇವತ್ತು ಇಂಟರ್ನೆಟ್ಟಿನ ಒಂದು ಗುಪ್ತಲಿಪಿ ಮಾನದಂಡದ ತಳಪಾಯ. ಅಲ್ಲಿ ಅದು ರಹಸ್ಯವಾಗಿರಬೇಕಿಲ್ಲ. ಭಾಗಿಸದೆ ಕೂಡಿಸಿ ಶೇಷ ತೆಗೆಯಬಹುದು ಅನ್ನುವ ಗುಣಕ್ಕಾಗಿ ಅದನ್ನು ಆರಿಸಿದರು. 1971ರಲ್ಲಿ ಸಿಕ್ಕ 19937ನೇ ಘಾತದ್ದು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿದೆ. ಬೆಂಗಳೂರಿನ ಯಾವುದೋ ಆಫೀಸಿನಲ್ಲಿ ಒಬ್ಬರು ಪೈಥಾನ್‌ನಲ್ಲಿ ರ‍್ಯಾಂಡಮ್ ಅಂತ ಬರೆದಾಗ ತೆರೆಮರೆಯಲ್ಲಿ ಓಡುವ, ಊಹಿಸಲಾಗದಂತೆ ಕಾಣುವ ಸಂಖ್ಯೆಗಳನ್ನು ಕೊಡುವ ಮರ್ಸೆನ್ ಟ್ವಿಸ್ಟರ್ ಎಂಬ ವಿಧಾನ ಅಷ್ಟು ಸಂಖ್ಯೆ ಕೊಟ್ಟ ಮೇಲೆಯೇ ಮೊದಲಿನದಕ್ಕೆ ಮರಳುವುದು. ಹುಡುಕಿದವರಿಗೆ ಇದ್ಯಾವುದೂ ಗೊತ್ತಿರಲಿಲ್ಲ.

ಯಂತ್ರಗಳ ತಪ್ಪನ್ನೂ ಈ ಹುಡುಕಾಟ ಹಿಡಿದಿದೆ. 1994ರಲ್ಲಿ ಥಾಮಸ್ ನೈಸ್ಲಿ ಜೋಡಿ ಅವಿಭಾಜ್ಯಗಳ ಲೆಕ್ಕ ಮಾಡುತ್ತಿದ್ದಾಗ ಇಂಟೆಲ್‌ನ ಪೆಂಟಿಯಂ ಚಿಪ್ ಭಾಗಾಕಾರದಲ್ಲಿ ತಪ್ಪುವುದು ಕಂಡಿತು. 2016ರಲ್ಲಿ ಪ್ರೈಮ್95 ಓಡಿಸುತ್ತಿದ್ದವರು ಅದೇ ಕಂಪನಿಯ ಸ್ಕೈಲೇಕ್ ಚಿಪ್ ಲೆಕ್ಕದ ನಡುವೆ ಸ್ತಬ್ಧವಾಗಿಬಿಡುವುದನ್ನು ಹಿಡಿದರು. ಉತ್ತರದಲ್ಲಿ ಒಂದು ಅಂಕಿಯೂ ತಪ್ಪಬಾರದು ಅನ್ನುವ ಕೆಲಸ ಕೊಟ್ಟಾಗಲೇ ಯಂತ್ರದ ನಿಜ ಗೊತ್ತಾಗುವುದು.

ಈ ಉಪಯೋಗಗಳೆಲ್ಲ ಇಲ್ಲದಿದ್ದರೂ ನಾನು ಇದರ ಪರವೇ ನಿಲ್ಲುತ್ತಿದ್ದೆ. ಮರ್ಸೆನ್ ಅವಿಭಾಜ್ಯಗಳಿಗೆ ಕೊನೆಯಿದೆಯಾ, ಇಲ್ಲವಾ? ಗೊತ್ತಿಲ್ಲ. ಇಲ್ಲ ಅಂತಲೇ ಹೆಚ್ಚಿನವರು ನಂಬುತ್ತಾರೆ, ಸಾಧಿಸಿದವರು ಇಲ್ಲ. 52 ಉದಾಹರಣೆಗಳು ನಮ್ಮ ಕೈಯಲ್ಲಿವೆ. ಹತ್ತು ಕೋಟಿ ಅಂಕಿಯ ಅವಿಭಾಜ್ಯ ಹುಡುಕಿದವರಿಗೆ ಅಮೆರಿಕದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ 1,50,000 ಡಾಲರ್ ಕೊಡುವುದಾಗಿ ಹೇಳಿದೆ. ಅದಕ್ಕೆ ಘಾತ 33.2 ಕೋಟಿ ದಾಟಬೇಕು.

ಅಷ್ಟು ದೂರ ಹೋಗದೆ, ಒಂದು ಪೆನ್ನು ಒಂದು ಹಾಳೆ ತೆಗೆದುಕೊಂಡು ನೀವೇ ಮಾಡಬಹುದಾದದ್ದು 13ನೇ ಘಾತ. ಸಂಖ್ಯೆ 8191. ಹನ್ನೊಂದು ಸಲ ವರ್ಗ ಮಾಡಬೇಕು. ದಾರಿ ತಪ್ಪಿಲ್ಲ ಅಂತ ತಿಳಿಯಲು ಗುರುತುಗಳು ಇಲ್ಲಿವೆ: 4, 14, 194, 4870, 3953, 5970, 1857. ಎಂಟನೆಯದು 36. ಅಷ್ಟು ದೊಡ್ಡ ಸಂಖ್ಯೆಗಳ ನಡುವೆ ದಿಢೀರ್ ಅಂತ ಇಷ್ಟು ಚಿಕ್ಕದು. ಆಮೇಲೆ 1294, 3470, 128. ಇಲ್ಲಿಗೆ ಹತ್ತು ಸಲ ಆಯಿತು. 128ರ ವರ್ಗ 16384. ಎರಡು ಕಳೆದರೆ 16382. 8191ನ್ನು ಎರಡರಿಂದ ಗುಣಿಸಿ ಪಕ್ಕದಲ್ಲಿ ಬರೆದು ನೋಡಿ.